ಚರಕದವರು ಕೇಳಿದ ಹಾಡು

ಶಿಡ್ಲಘಟ್ಟದಲ್ಲಿ ನಾನು ಕನ್ನಡ ಮೇಷ್ಟ್ರಾಗಿದ್ದ ಹನ್ನೊಂದು ವರ್ಷಗಳಲ್ಲಿ ನಮ್ಮ ಬೀದಿಯಲ್ಲಿ ಅತಿ ಹೆಚ್ಚು ಮಾತಾಡಿದವನು ನಾನು, ಅತಿ ಕಡಿಮೆ ಮಾತಾಡಿದವರು ಅವರು. ಅದಕ್ಕೇ ಇರಬೇಕು, ನಮ್ಮಿಬ್ಬರಿಗೆ ಒಂದು ದಿನವೂ ಜಗಳ ಆಗಲಿಲ್ಲ. ಅವರು ತೀರಿಕೊಂಡ ಸುದ್ದಿ ಗೌರಿಬಿದನೂರಿನಲ್ಲಿರುವ ನನಗೆ ಒಂದು ವಾರ ತಡವಾಗಿ ತಿಳಿಯಿತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಂಡೇ ಇಲ್ಲ. ಬೀದಿಗೆಲ್ಲ ಅವರು ‘ಚರಕದವರು’, ಹೆಂಡತಿಗೆ ‘ಆಯಪ್ಪ’.

ರೇಷ್ಮೆಯ ಊರಿನವರಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಗೂಡಿನಿಂದ ನೂಲು ತೆಗೆಯುವ ಚರಕಕ್ಕೆ ಇಬ್ಬರು ಬೇಕು. ಒಬ್ಬರು ಕುದಿಯುವ ನೀರಿನ ಬಾಣಲೆಯ ಮುಂದೆ ಕೂತು, ತೇಲುವ ಗೂಡುಗಳ ಎಳೆ ಹಿಡಿದು, ಏಳೆಂಟು ಎಳೆಯನ್ನು ಒಂದು ಮಾಡಿ ಮೇಲಕ್ಕೆ ಬಿಡುತ್ತಾರೆ. ಇನ್ನೊಬ್ಬರು ನಿಂತುಕೊಂಡು ಚಕ್ರ ತಿರುಗಿಸುತ್ತಾರೆ. ಬಾಣಲೆಯ ಮುಂದೆ ಕೂತವರದು ಕಸುಬು, ತಿರುಗಿಸುವವರದು ಬರೀ ಕತ್ತೆ ಚಾಕರಿ ಎಂದು ನಾನೂ ಮೊದಲು ತಿಳಿದಿದ್ದೆ. ಹಾಗಲ್ಲ. ಕೈ ಜೋರಾದರೆ ಎಳೆ ಕಡಿಯುತ್ತದೆ, ನಿಧಾನವಾದರೆ ನೂಲು ದಪ್ಪವಾಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ಹದದಲ್ಲಿ ಕೈ ಆಡಬೇಕು. ಬಾಣಲೆಯ ಮುಂದೆ ಅವರ ಹೆಂಡತಿ, ಚಕ್ರದ ಬಳಿ ಅವರು. ನಾನು ಆ ಊರಿಗೆ ಹೋಗುವ ಹೊತ್ತಿಗಾಗಲೇ ಇಬ್ಬರೂ ಹೀಗೆ ಇಪ್ಪತ್ತು ವರ್ಷ ಕಳೆದಿದ್ದರು.

ನಾನು ಬಾಡಿಗೆಗಿದ್ದದ್ದು ಅದೇ ಶೆಡ್ಡಿನ ಪಕ್ಕದ ಮನೆಯ ಮಹಡಿ ಮೇಲೆ. ಮನೆ, ಶೆಡ್ಡು ಎರಡೂ ಒಬ್ಬ ಸಾಹೇಬರವು. ಮೊದಲ ತಿಂಗಳು ಬೇಯಿಸಿದ ಹುಳದ ವಾಸನೆಗೆ ನನಗೆ ಅನ್ನ ಸೇರಲಿಲ್ಲ. ಒಂದು ದಿನ ಮೆಟ್ಟಿಲ ಮೇಲೆ ಮುಖ ಸಿಂಡರಿಸಿಕೊಂಡು ಕೂತಿದ್ದಾಗ ಅವರು ಕೆಳಗಿನಿಂದ, “ಮೇಷ್ಟ್ರೇ, ಮೂಗು ಮುಚ್ಚಿಕೊಂಡ್ರೆ ಹೋಗಲ್ಲ ಅದು. ಎಂಟು ದಿನ ಮೂಗು ಬಿಟ್ಟುಕೊಂಡು ಇರಿ. ಆಮೇಲೆ ನಿಮಗೇ ಗೊತ್ತಾಗಲ್ಲ” ಎಂದರು. ಎಂಟನೆಯ ದಿನ ನಿಜವಾಗಿಯೂ ಗೊತ್ತಾಗಲಿಲ್ಲ.

ಅವರ ಮಾತು ಅಷ್ಟೇ, ವಾರಕ್ಕೊಂದು. ಚಿಂತಾಮಣಿಯ ಆಚೆ, ಆಂಧ್ರದ ಗಡಿಯ ಹಳ್ಳಿಯವರಾದ್ದರಿಂದ ಮನೆಯಲ್ಲಿ ತೆಲುಗು. ಏನೇ ಆಗಲಿ, ಯಾರೇ ಬೈಯಲಿ, “ಪೋನೀಲೆಂಡಿ” ಎನ್ನುತ್ತಿದ್ದರು. ಹೋಗಲಿ ಬಿಡಿ ಎಂದು. ನಾನು ಸಂಜೆ ಹುಡುಗರಿಗೆ ಮನೆಪಾಠ ಹೇಳುವುದನ್ನು ಕೆಳಗಿನಿಂದ ಕೇಳಿಸಿಕೊಂಡು ಒಮ್ಮೆ, “ನೀವು ಉಸಿರು ತಗೊಳ್ಳಲ್ಲ ಮೇಷ್ಟ್ರೇ. ಆ ಮಕ್ಕಳಿಗೂ ತಗೊಳ್ಳಕ್ಕೆ ಬಿಡಲ್ಲ” ಎಂದರು. ತರಬೇತಿ ಕಾಲೇಜಿನಲ್ಲಿ ಇಷ್ಟು ನೇರವಾಗಿ ನನಗೆ ಯಾರೂ ಹೇಳಿರಲಿಲ್ಲ. ಎರಡು ದಿನ ಸಿಟ್ಟು ಮಾಡಿಕೊಂಡೆ. ಮೂರನೆಯ ದಿನದಿಂದ ನಿಧಾನವಾಗಿ ಪಾಠ ಹೇಳಿದೆ.

ಅವರ ಅಂಗಿಯ ಕತ್ತಿನ ಗುಂಡಿ ಯಾವತ್ತೂ ಹಾಕಿಯೇ ಇರುತ್ತಿತ್ತು. ನನ್ನ ಕೋಣೆಗೆ ಬಂದರೆ ಕುರ್ಚಿ ಬೇಡ, ಗೋಡೆಗೆ ಒರಗಿ ನೆಲದ ಮೇಲೇ. ಬಲಗೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಟೀ ಕುಡಿಯುವಾಗ ಲೋಟ ಎಡಗೈಯಲ್ಲಿ, ಬಲಗೈ ತೊಡೆಯ ಮೇಲೆ ಸಣ್ಣಗೆ ಸುತ್ತುತ್ತಲೇ ಇರುತ್ತಿತ್ತು. ನಿದ್ದೆಯಲ್ಲೂ ಹಾಗೇ ಅಂತೆ. “ರಾತ್ರೆಲ್ಲ ನೂಲು ತೆಗೀತಾರೆ, ಸಾಹೇಬರು ಅದಕ್ಕೆ ಕೂಲಿ ಕೊಡಲ್ಲ” ಎಂದು ಅವರ ಹೆಂಡತಿ ನಗುತ್ತಿದ್ದರು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ.

ಶೆಡ್ಡಿನಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಹಬೆ ತಾಗದಂತೆ ಪ್ಲಾಸ್ಟಿಕ್ ಸುತ್ತಿ ಗೋಡೆಯ ಹಲಗೆಯ ಮೇಲೆ ಇಟ್ಟಿದ್ದರು. ನಾನು ಬಂದ ಮರುವರ್ಷ ಬೆಂಗಳೂರಿನ ನಾಲ್ವರು ಹುಡುಗರ ಒಂದು ಬ್ಯಾಂಡ್ ತನ್ನ ಮೊದಲ ಕ್ಯಾಸೆಟ್ ತಂದಿತ್ತು. ಗಿಟಾರು, ಒಂದು ಕೊಳಲು, ಮೆಲ್ಲಗೆ ಹಾಡುವ ಒಬ್ಬ ಹುಡುಗ. ಪತ್ರಕ್ಕೆ ಕಾಯುವುದು, ಬಸ್ಸು ತಪ್ಪುವುದು, ಇಂಥವೇ ಹಾಡುಗಳು. ನನಗೆ ಆ ವಯಸ್ಸಿಗೆ ಅದು ವೇದವಾಗಿತ್ತು. ಎರಡು ಪ್ರತಿ ಕೊಂಡು ಒಂದನ್ನು ಶೆಡ್ಡಿಗೆ ಕೊಟ್ಟೆ. ಒಂದು ವಾರದ ಮೇಲೆ ಅವರು, “ಮೇಷ್ಟ್ರೇ, ನಿಮ್ಮ ಹಾಡು ನನ್ನ ಕೈಗೆ ಸರಿಹೋಯ್ತು” ಎಂದರು. ಆ ಹಾಡಿನ ನಡೆಗೂ ಚಕ್ರದ ಸುತ್ತಿಗೂ ಹೊಂದಿಕೆಯಾಗಿಬಿಟ್ಟಿತ್ತು. ಅಂದಿನಿಂದ ಏಳೆಂಟು ವರ್ಷ ಆ ಶೆಡ್ಡಿನಲ್ಲಿ ಅದೇ ಕ್ಯಾಸೆಟ್. ಸುರುಳಿ ಸಿಕ್ಕಿಕೊಂಡಾಗೆಲ್ಲ ನಾನು ಪೆನ್ಸಿಲ್ ತೂರಿಸಿ ಸುತ್ತಿ ಕೊಡುತ್ತಿದ್ದೆ. ಅವರ ನೂಲಿಗೆ ಒಳ್ಳೆಯ ಹೆಸರಿತ್ತು. ಕೊಳ್ಳುವವರು ನೂಲಿನ ಲಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, “ಇದು ಆ ಗಂಡ ಹೆಂಡತಿಯದು” ಎಂದು ಗುರುತಿಸುತ್ತಿದ್ದರು.

ತೊಂಬತ್ತರ ದಶಕ ಅರ್ಧಕ್ಕೆ ಬಂದಾಗ ಆ ಟೇಪ್ ಆ ಕ್ಯಾಸೆಟ್ಟನ್ನು ಪೂರ್ತಿ ಅಗಿದು ಹಾಕಿತು. ನನ್ನ ಪ್ರತಿಯನ್ನು ಯಾರೋ ಪುಣ್ಯಾತ್ಮರು ಎರವಲು ಒಯ್ದು ವಾಪಸು ಕೊಟ್ಟಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಹುಡುಕಿದೆ, ಸಿಗಲಿಲ್ಲ. ಎರಡೇ ದಿನದಲ್ಲಿ ಸಾಹೇಬರ ಮಗಳು, ಚಿಂತಾಮಣಿಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಹುಡುಗಿ, ಹೊಳೆಯುವ ಹೊದಿಕೆಯ ಒಂದು ಕ್ಯಾಸೆಟ್ ತಂದಳು. ಅದೇ ಬ್ಯಾಂಡು, ಅದೇ ಹಾಡುಗಳು, ಆದರೆ ರೀಮಿಕ್ಸ್.

ಆ ಕ್ಯಾಸೆಟ್ ಎಬ್ಬಿಸಿದ ರಗಳೆ ಅಷ್ಟಿಷ್ಟಲ್ಲ. ನಾನು ಕಂಡಕಂಡವರನ್ನು ನಿಲ್ಲಿಸಿ ಅಭಿಪ್ರಾಯ ಕೇಳುತ್ತಿದ್ದೆ, ಒಪ್ಪದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. “ಹಳೇದು ನಿದ್ದೆ ಮಾಡಿಸ್ತಿತ್ತು ಸರ್, ಇದು ಎಬ್ಬಿಸ್ತದೆ” ಎಂದಳು ಸಾಹೇಬರ ಮಗಳು. ಸಾಹೇಬರು, “ಬಾಜಾ ಜಾಸ್ತಿ ಐತೆ, ಹಾಡು ಕಮ್ಮಿ ಐತೆ. ಆದ್ರೂ ಪೂರಾ ಕೆಟ್ಟಿಲ್ಲ ಬಿಡಿ” ಎಂದು ಎರಡೂ ಕಡೆ ಕಾಲಿಟ್ಟರು. ನಮ್ಮ ಶಾಲೆಯ ಹಿಂದಿ ಮೇಷ್ಟ್ರಿಗೆ ಹುಡುಗನ ದನಿ ಹಾಗೇ ಉಳಿದಿರುವುದು ಸಮಾಧಾನವಂತೆ. “ಆಳು ಅದೇ ಕಣ್ರಿ, ಅಂಗಿ ಬದಲಾಯಿಸಿದ್ದಾನೆ ಅಷ್ಟೇ” ಎಂದರು. ಟೀ ಅಂಗಡಿಯವನಿಗೆ ಎರಡನೆಯ ಹಾಡು ಪರವಾಗಿಲ್ಲ, ಮೂರನೆಯದು ತಲೆನೋವು. ಬಸ್ಸಿನಲ್ಲಿ ಅದನ್ನೇ ಹಾಕಿದ್ದಾಗ ಪಕ್ಕದಲ್ಲಿ ಕೂತಿದ್ದ ಮಂಡಿಕಲ್ಲಿನ ಮುದುಕಿಯನ್ನೂ ಬಿಡಲಿಲ್ಲ. ಆಕೆ ಯೋಚಿಸಿ, “ಬಸ್ಸು ಬೇಗ ಹೋದಂಗೆ ಆಗ್ತದಪ್ಪ. ಹೋಗಲ್ಲ” ಎಂದಳು. ಅದು ನನಗೆ ಹಿಡಿಸಿತು.

ನನಗಂತೂ ಮೈಯೆಲ್ಲ ಉರಿ. ಕೊಳಲು ಇದ್ದ ಜಾಗದಲ್ಲಿ ಡ್ರಮ್ಮು, ಮೆಲ್ಲಗೆ ನಡೆಯುತ್ತಿದ್ದ ಹಾಡಿಗೆ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಟ. ಈ ಉರಿಗೆ ತುಪ್ಪ ಸುರಿದದ್ದು ಶೆಡ್ಡಿನಲ್ಲಿ ನಡೆದ ಸಂಗತಿ. ಹುಡುಗಿ ಮೊದಲ ಸಲ ಅದನ್ನು ಹಾಕಿದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಟೀ ಬರುವಷ್ಟರಲ್ಲಿ ಅವರ ಚರಕದಲ್ಲಿ ಎಳೆ ನಾಲ್ಕು ಸಲ ಕಡಿಯಿತು. ಯಾರದಾದರೂ ಕಡಿಯಬಹುದು, ಅವರದು ಕಡಿಯುವುದೆಂದರೇನು. ನಾನು ಅಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಮಹಡಿ ಹತ್ತಿದವನೇ ಪತ್ರಿಕೆಯ ಓದುಗರ ಅಂಕಣಕ್ಕೆ ಒಂದು ಪತ್ರ ಬರೆದೆ. ವಿಮರ್ಶಕರು ಏನಾದರೂ ಹೇಳಲಿ, ನಮ್ಮೂರಿನ ಒಬ್ಬ ಶ್ರಮಜೀವಿಯ ಕೈಯೇ ಈ ರೀಮಿಕ್ಸನ್ನು ತಿರಸ್ಕರಿಸಿದೆ, ನೂಲು ಕಡಿದು ಸಾಕ್ಷಿ ಹೇಳಿದೆ ಎಂದು ಬರೆದೆ. ಅಚ್ಚಾಯಿತು. ಪತ್ರಿಕೆ ಹಿಡಿದು ಓಡಿಹೋಗಿ ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಕೊನೆಯವರೆಗೆ ಕೇಳಿ, “ಚೆನ್ನಾಗಿ ಬರೆದಿದ್ದೀರಿ ಮೇಷ್ಟ್ರೇ” ಎಂದರು. ನಾನು ಬೀಗಿದೆ.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಎಳೆ ದಿನವೂ ಕಡಿಯುತ್ತಲೇ ಇತ್ತು, ನನಗೆ ಶೆಡ್ಡಿನಿಂದಲೇ ಆ ಕ್ಯಾಸೆಟ್ ತೆಗೆಸಬೇಕೆಂಬ ಹಟ ಬಂತು. ಸಾಹೇಬರ ಬಳಿ ಹೋಗಿ, “ನಿಮ್ಮ ನೂಲು ಹಾಳಾಗ್ತಿರೋದು ಆ ಹಾಡಿಂದ. ಬೇಕಾದ್ರೆ ನಿಲ್ಲಿಸಿ ನೋಡಿ” ಎಂದೆ. ವ್ಯಾಪಾರಸ್ಥರಲ್ಲವೇ, ನೂಲಿನ ಮಾತು ಬಂದರೆ ಅವರು ಕೂತಲ್ಲಿ ಕೂರುವವರಲ್ಲ. ಆಗಲೇ ಎದ್ದು ಬಂದು ಟೇಪನ್ನು ನಿಲ್ಲಿಸಿದರು.

ಶೆಡ್ಡು ನಿಶ್ಶಬ್ದವಾಯಿತು. ಚಕ್ರ ತಿರುಗಿತು. ನಾನು ಗೆದ್ದೆನೆಂದು ನಿಂತಿದ್ದೆ. ಆದರೆ ನೂಲು ಇನ್ನೂ ಕೆಟ್ಟಿತು. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಮತ್ತೆ ಕಡಿತ. ಅಕ್ಕ ನಡುನಡುವೆ ಕೆಮ್ಮುತ್ತಿದ್ದರು. ಆ ಕೆಮ್ಮು ಎರಡು ವರ್ಷದಿಂದ ಇತ್ತು, ನಾನೇ ಜ್ಯೇಷ್ಠಮಧು ತಂದುಕೊಟ್ಟಿದ್ದೆ. ಆಕೆ ಕೆಮ್ಮಿದಾಗೆಲ್ಲ ಚಕ್ರ ನಿಲ್ಲುವುದನ್ನು ಸಾಹೇಬರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, “ಅಮ್ಮಾ, ಒಂದು ನಿಮಿಷ ಕೆಮ್ಮಬೇಡಿ” ಎಂದರು. ಚಕ್ರದವರ ಎದುರಿಗೆ ಹೋಗಿ, ಬಾಣಲೆಯವರು ‘ನಿಲ್ಲಿಸು’ ಎನ್ನಲು ಎತ್ತುವ ಹಾಗೆ ಅಂಗೈ ಎತ್ತಿ ಹಿಡಿದರು. ಚಕ್ರ ನಿಲ್ಲಲಿಲ್ಲ. ಇನ್ನೂ ಹತ್ತಿರ ಹಿಡಿದರು. ತಿರುಗುತ್ತಲೇ ಇತ್ತು.

ಅಕ್ಕ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿದರು. ಎಳೆ ಎಲ್ಲ ಹೋದವು. ಚಕ್ರ ಹಗುರಾದ್ದು ಕೈಗೆ ಗೊತ್ತಾಗಿ ಅವರು ನಿಲ್ಲಿಸಿ, “ಯಾರು, ಸಾಹೇಬರಾ?” ಎಂದರು.

ಎರಡು ವರ್ಷದ ಹಿಂದೆಯೇ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕಣ್ಣಿನ ನರ ಒಣಗಿದೆ, ಆಪರೇಷನ್ನಿಗೆ ಬರುವುದಿಲ್ಲ ಎಂದು ಹೇಳಿದ್ದರಂತೆ. ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೇ ಅದನ್ನು ಬಚ್ಚಿಟ್ಟಿದ್ದರು. ಹದಕ್ಕೆ ಹಾಡು, ನಿಲ್ಲಿಸಲು ಕೆಮ್ಮು. ದಾರಿಯಲ್ಲಿ ನಾನು ತಲೆಯಾಡಿಸಿದರೆ ಅವರು ಸುಮ್ಮನೆ ಹೋಗುತ್ತಿದ್ದರು. ಮನುಷ್ಯನಿಗೆ ಸೊಕ್ಕು ಬಂತು ಎಂದು ಒಮ್ಮೆ ನಾನು ಅಂದುಕೊಂಡದ್ದೂ ಉಂಟು. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಸಾಹೇಬರು ಕೆಟ್ಟವರಲ್ಲ. ಅವರ ದನಿಯೂ ಸಣ್ಣಗಾಗಿತ್ತು. “ಅಣ್ಣಾ, ಕುದಿಯೋ ನೀರು ಇರೋ ಜಾಗ ಇದು. ನಾಳೆ ಏನಾದ್ರೂ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ. ಸೋಮವಾರದಿಂದ ಬೇರೆಯವರನ್ನ ನೋಡ್ತೀನಿ” ಎಂದರು. ಆ ಕೆಲಸ ಹೋದರೆ ಅವರಿಗೆ ಬೇರೆ ಏನೂ ಇರಲಿಲ್ಲ. ಬೇರೆ ಯಾರೋ ಚಕ್ರದ ಬಳಿ ನಿಂತು ತಾವು ಮನೆಯಲ್ಲಿ ಗೋಡೆಗೆ ಒರಗಿ ಕೂರಬೇಕು. ಅವರು ಒಂದೇ ಮಾತು ಕೇಳಿಕೊಂಡರು. “ಸೋಮವಾರ ಒಂದು ದಿನ ಬಿಡಿ ಸಾಹೇಬ್ರೇ. ಆ ಹೊಸ ಕ್ಯಾಸೆಟ್ಟೇ ಹಾಕಿ. ಎಳೆ ಕೆಟ್ರೆ ನಾನೇ ಹೊರಟುಹೋಗ್ತೀನಿ.” ಸಾಹೇಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಭಾನುವಾರ ಊಟ ಮುಗಿಸಿ ಗೋಡೆ ಸವರಿಕೊಂಡು ಅವರು ನನ್ನ ಮಹಡಿಗೆ ಬಂದರು. ಸಾಹೇಬರ ಮಗಳಿಂದ ಆ ಕ್ಯಾಸೆಟ್ ಈಸಿಕೊಂಡು ಬಂದಿದ್ದರು.

“ಮೇಷ್ಟ್ರೇ, ಇದನ್ನ ನಿಮ್ಮ ಟೇಪಲ್ಲಿ ಹಾಕ್ತೀರಾ?”

“ಇದನ್ನಾ? ಬೇರೆ ಯಾವುದಾದ್ರೂ ನಿಧಾನದ ಹಾಡು ಹುಡುಕಿ ಕೊಡ್ತೀನಿ, ಬಿಡಿ.”

“ಬೇರೇದು ಕೈಗೆ ಹತ್ತಕ್ಕೆ ವರ್ಷ ಬೇಕು. ಇದ್ರಲ್ಲಿರೋ ಹಾಡೆಲ್ಲ ನನಗೆ ಗೊತ್ತಿರೋದೇ ಅಲ್ವಾ.”

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು, “ಪೋನೀಲೆಂಡಿ, ಹಾಕಿ” ಎಂದರು. ಗೋಡೆಗೆ ಒರಗಿ ಕೂತು ಬಲಗೈಯನ್ನು ಗಾಳಿಯಲ್ಲಿ ಸುತ್ತಲು ಶುರುಮಾಡಿದರು. ಮೊದಲ ಹಾಡಿಗೆ ಕೈ ಓಡಿಹೋಯಿತು. ನಿಲ್ಲಿಸಿ ನಕ್ಕರು. “ಮತ್ತೆ ಹಾಕಿ” ಎಂದರು. ಮತ್ತೆ ಓಡಿತು. ಮಧ್ಯಾಹ್ನವೆಲ್ಲ ನಾನು ಟೇಪ್ ಹಿಂದಕ್ಕೆ ತಿರುಗಿಸುವುದು, ಅವರು ಕೈ ತಿರುಗಿಸುವುದು. ನಾನು ದ್ವೇಷಿಸಿದ ಆ ಕ್ಯಾಸೆಟ್ಟನ್ನು ನಾನೇ ಇಪ್ಪತ್ತು ಸಲ ಹಾಕಿದೆ. ಡ್ರಮ್ಮಿನ ಒಂದು ಬಡಿತ ಬಿಟ್ಟು ಇನ್ನೊಂದಕ್ಕೆ ಕೈ ಸೇರಿಸಿದಾಗ ಅವರ ಸುತ್ತು ಹಳೆಯ ಹದಕ್ಕೆ ಬಂತು. ಅವರು ಹೇಳಿದ ಮಾತು ನನಗೆ ಹಾಗೇ ನೆನಪಿದೆ. “ಹಾಡು ಓಡ್ಲಿ ಮೇಷ್ಟ್ರೇ. ಅದು ಎರಡು ಹೆಜ್ಜೆ ಹಾಕಿದ್ರೆ ನಾನೊಂದು ಹಾಕ್ತೀನಿ. ಹೋಗೋದು ಇಬ್ರೂ ಒಂದೇ ಊರಿಗೆ.”

ಸೋಮವಾರ ನಾನು ಶಾಲೆಗೆ ರಜೆ ಹಾಕಿದೆ. ಈಗ ಮುಚ್ಚಿಡಲು ಏನೂ ಇರಲಿಲ್ಲವಾದ್ದರಿಂದ ಅಕ್ಕ ಕೆಮ್ಮಲಿಲ್ಲ, ನಿಲ್ಲಿಸಬೇಕಾದಾಗ ಸೌಟಿನಿಂದ ಬಾಣಲೆಯ ಅಂಚಿಗೆ ಒಂದು ಏಟು ಹಾಕುತ್ತಿದ್ದರು. ಡ್ರಮ್ಮಿನ ಗದ್ದಲದಲ್ಲೂ ಅದು ಕೇಳುತ್ತಿತ್ತು. ಟೀ ಹೊತ್ತಿಗೆ ಒಂದು ಸಲವೂ ಎಳೆ ಕಡಿದಿರಲಿಲ್ಲ. ಸಾಹೇಬರು ಬಂದು ನೂಲನ್ನು ಬೆರಳುಗಳ ನಡುವೆ ಹಿಡಿದು ಉದ್ದಕ್ಕೂ ಸವರಿದರು. ಎರಡು ಸಲ ಸವರಿದರು. ಕುದಿಯುವ ನೀರಿಗೆ ಕೈ ತಾಗದಂತೆ ಚಕ್ರಕ್ಕೂ ಬಾಣಲೆಗೂ ನಡುವೆ ಒಂದು ಹಲಗೆ ಅಡ್ಡ ಹೊಡೆಸಿ, ಟೀ ಕುಡಿಯಲು ಹೋದರು. ಬೇರೆಯವರನ್ನು ನೋಡುವ ಮಾತು ಮತ್ತೆ ಬರಲಿಲ್ಲ. ಚರಕದವರು ಅಲ್ಲೇ ಇನ್ನೂ ನಾಲ್ಕು ವರ್ಷ ಚಕ್ರ ತಿರುಗಿಸಿದರು.

ಮರುವರ್ಷ ನನಗೆ ಗೌರಿಬಿದನೂರಿಗೆ ವರ್ಗವಾಯಿತು. ಹೊರಡುವ ದಿನ ಅವರು ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ನನ್ನಿಂದ ಆದದ್ದನ್ನು ಅವರು ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಸುದ್ದಿ ತಿಳಿದ ಮೇಲೆ ಶಿಡ್ಲಘಟ್ಟಕ್ಕೆ ಹೋದೆ. ಅಕ್ಕ ಶೆಡ್ಡಿನಲ್ಲೇ ಇದ್ದರು. ಈಗ ಚಕ್ರಕ್ಕೆ ಮೋಟರು ಬಂದಿದೆ. ಆಕೆ ಬಾಣಲೆ ಬಿಟ್ಟು ಎದ್ದು, ಸೆರಗಿನಲ್ಲಿ ಕೈ ಒರೆಸಿಕೊಂಡು, ನನಗೊಂದು ಮಣೆ ಹಾಕಿ ಟೀ ತರಿಸಿದರು. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ನಾನು ಆಕೆಯ ಮುಂದೆ ಹೇಳಿದೆ.

“ಅಕ್ಕ, ಆ ದರಿದ್ರ ಕ್ಯಾಸೆಟ್ಟಿನ ಮೇಲಿನ ಸಿಟ್ಟಿಗೆ ನಾನು ಅವರ ಅನ್ನಕ್ಕೇ ಕಲ್ಲು ಹಾಕ್ತಿದ್ದೆ.”

“ದರಿದ್ರ ಅನ್ಬೇಡಿ ಮೇಷ್ಟ್ರೇ. ಆಯಪ್ಪನಿಗೆ ಅದಂದ್ರೆ ಪ್ರಾಣ.”

“ಯಾವುದು, ನಾನು ಕೊಟ್ಟಿದ್ದಾ?”

“ನೀವು ಕೊಟ್ಟಿದ್ದು ಇಷ್ಟ ಇತ್ತು. ಹೊಸದು ಪ್ರಾಣ.”

ನನಗೆ ನಂಬಿಕೆ ಬರಲಿಲ್ಲ. “ಮೊದಲ ದಿನ ನಾಲ್ಕು ಸಲ ಎಳೆ ಕಡೀತಲ್ಲ ಅಕ್ಕ. ನಾನೇ ನೋಡಿದೆ” ಎಂದೆ.

ಆಕೆ ನಕ್ಕರು, ಕಣ್ಣಲ್ಲಿ ನೀರೂ ಬಂತು. “ಕಡೀದೆ ಇನ್ನೇನು. ಡ್ರಮ್ಮು ಬಿದ್ದಿದ್ದೇ ತಡ, ಖುಷಿಗೆ ಚಕ್ರ ಎಳೆದುಬಿಟ್ರು. ನೀವು ನೂಲು ನೋಡ್ತಿದ್ರಿ, ಆಯಪ್ಪನ ಮುಖ ನೋಡ್ಲಿಲ್ಲ. ಕಣ್ಣು ಹೋದ ಮೇಲೆ ಅಷ್ಟು ನಕ್ಕಿದ್ದು ನಾನು ನೋಡೇ ಇರ್ಲಿಲ್ಲ. ನಾನು ಕೆಮ್ಮಬಹುದಾಗಿತ್ತು. ಕೆಮ್ಮಲಿಲ್ಲ. ಕಡಿದ್ರೆ ಕಡೀಲಿ ಅಂತ ಬಿಟ್ಟೆ.”

ಟೀ ಆರಿತು. ಇಡೀ ಬೀದಿಯನ್ನು, ಬಸ್ಸಿನಲ್ಲಿ ಸಿಕ್ಕ ಮುದುಕಿಯನ್ನೂ ಅಭಿಪ್ರಾಯ ಕೇಳಿದ್ದವನು ನಾನು. ಅವರನ್ನು ಕೇಳಿರಲಿಲ್ಲ.

“ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕ ಅವರು” ಎಂದೆ.

“ಹೇಳಣ ಅಂತಾನೇ ಇದ್ರು. ಈ ಸಂಜೆ ಮೇಷ್ಟ್ರ ಹತ್ರ ಹೋಗಿ ಹೇಳ್ತೀನಿ, ಅವರೂ ಖುಷಿಪಡ್ತಾರೆ ಅಂತ ಅಂಗಿ ಬೇರೆ ಬದಲಾಯಿಸಿದ್ರು. ಅಷ್ಟರಲ್ಲಿ ನೀವೇ ಪೇಪರ್ ಹಿಡ್ಕೊಂಡು ಬಂದ್ರಿ.”